ತಲಪಾಡಿಯ ಟವರೂ ಬೂತಾಯಿಯ ರೇಟೂ: ಅಗ್ಗದ ಫೋನು ಗಡಿನಾಡಿಗೆ ಎಷ್ಟಕ್ಕೆ ಬಿತ್ತು?

ಸ್ವರ ಕೇಳ್ತಾ ಉಂಟಲ್ಲ? ನಮ್ಮಲ್ಲಿ ಜೋರು ಮಳೆ, ಕರೆಂಟೂ ಹೋಗಿ ಬಂದು ಮಾಡ್ತಾ ಉಂಟು. ನಡುವೆ ಕಡಿದು ಹೋದರೆ ಸ್ವಲ್ಪ ಕಾಯಿರಿ, ಮತ್ತೆ ಸೇರಿಕೊಳ್ಳುತ್ತೇನೆ.

ನನಗೆ ಕೊಟ್ಟ ವಿಷಯ ‘ಅಗ್ಗದ ತಂತ್ರಜ್ಞಾನ ಮತ್ತು ಗಡಿನಾಡಿನ ಬೆಳವಣಿಗೆ’. ಇದು ದೊಡ್ಡ ವಿಷಯ. ಎಲ್ಲವನ್ನೂ ಹೇಳಲು ಹೊರಟರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಹಾಗಾಗಿ ಒಂದೇ ವಸ್ತುವನ್ನು ಹಿಡಿದುಕೊಳ್ಳುತ್ತೇನೆ: ಮೊಬೈಲ್ ಫೋನು. ಜಾಗವೂ ಒಂದೇ, ನಮ್ಮ ಕಾಸರಗೋಡಿನ ಕಡಲ ಕರೆ. ಈ ಆಯ್ಕೆಗೆ ಊರಿನ ಅಭಿಮಾನ ಮಾತ್ರ ಕಾರಣವಲ್ಲ. ಫೋನು ಬಂದದ್ದರಿಂದ ಬಡವರ ಆದಾಯ ಹೆಚ್ಚಿತೋ ಇಲ್ಲವೋ ಎಂದು ವಾರ ವಾರ ಲೆಕ್ಕ ಬರೆದು ಹೇಳಿದ ಅಧ್ಯಯನ ಜಗತ್ತಿನಲ್ಲೇ ಕಡಿಮೆ. ಅಂಥದ್ದರಲ್ಲಿ ಅತ್ಯಂತ ಹೆಸರಾದದ್ದು ನಡೆದಿರುವುದು ಕೋಝಿಕ್ಕೋಡು, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಕರೆಯಲ್ಲಿ. ನಮ್ಮವರಿಗೇ ಇದು ಹೆಚ್ಚು ಗೊತ್ತಿಲ್ಲ. ನಾನು ಅರ್ಥಶಾಸ್ತ್ರ ಪಾಠ ಮಾಡಿಕೊಂಡಿದ್ದವನು, ನನಗೂ ಗೊತ್ತಾದದ್ದು ತಡವಾಗಿ.

ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರ ಪ್ರಬಂಧ 2007ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸ್’ ಪತ್ರಿಕೆಯಲ್ಲಿ ಬಂತು. ಅವರು 1996ರಿಂದ 2001ರವರೆಗೆ ಬೂತಾಯಿ ಹಿಡಿಯುವ ದೋಣಿಗಳ ಲೆಕ್ಕವನ್ನು ವಾರಕ್ಕೊಮ್ಮೆ ಬರೆಸಿಕೊಂಡರು. ಬೂತಾಯಿ ಅಂದರೆ ಬಯಲುಸೀಮೆಯವರಿಗೆ ತಿಳಿಯಲಿಕ್ಕಿಲ್ಲ. ಮಲಯಾಳದವರ ಮತ್ತಿ, ಇಂಗ್ಲಿಷಿನ ಸಾರ್ಡಿನ್. ಬಡವರ ಮೀನು. ಬೇಗ ಹಾಳಾಗುತ್ತದೆ. ಬೆಳಿಗ್ಗೆ ಹಿಡಿದದ್ದು ಬೆಳಿಗ್ಗೆಯೇ ಮಾರಿಹೋಗಬೇಕು.

ಫೋನು ಬರುವ ಮೊದಲು ಮಾರಾಟ ಹೇಗೆ ನಡೆಯುತ್ತಿತ್ತು ಅಂದರೆ, ದೋಣಿಯವರು ತಮ್ಮೂರ ದಡಕ್ಕೇ ಬರುತ್ತಿದ್ದರು. ಆಚೆ ದಡದಲ್ಲಿ ರೇಟು ಎಷ್ಟು, ಕೊಳ್ಳುವವರು ಇದ್ದಾರೋ ಇಲ್ಲವೋ ಎಂದು ಕಡಲಲ್ಲಿ ಕುಳಿತವರಿಗೆ ಹೇಗೆ ತಿಳಿಯಬೇಕು? ಹೋಗಿ ನೋಡೋಣ ಎಂದರೆ ಎಣ್ಣೆ ಖರ್ಚು, ಅಷ್ಟು ಹೊತ್ತಿಗೆ ಅಲ್ಲಿಯ ಮಾರಾಟವೂ ಮುಗಿದಿರುತ್ತದೆ. ಜೆನ್ಸನ್ ಒಂದು ದಿನದ ಉದಾಹರಣೆ ಕೊಡುತ್ತಾರೆ. 1997ರ ಜನವರಿ 14ರ ಬೆಳಿಗ್ಗೆ ವಡಗರದ ದಡದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನು ಚೆಲ್ಲುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ 15 ಕಿಲೋಮೀಟರಿನ ಒಳಗೆ ಬೇರೆ ದಡಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಖಾಲಿ ಕೈಯಲ್ಲಿ ಹೊರಡುವುದರಲ್ಲಿದ್ದರು. ಇದು ಯಾವಾಗಲೋ ಒಮ್ಮೆ ಆದ ಸಂಗತಿಯಲ್ಲ. ಆ ಕಾಲದಲ್ಲಿ ಹಿಡಿದ ಮೀನಿನಲ್ಲಿ ಸರಾಸರಿ 5ರಿಂದ 8 ಶೇಕಡದಷ್ಟು ಹೀಗೆ ಹಾಳಾಗುತ್ತಿತ್ತು ಎಂದು ಅವರ ಲೆಕ್ಕ.

ನನಗೆ ಇದನ್ನು ಓದುವಾಗ ಅಂಕಿಗಿಂತ ಮೊದಲು ನೆನಪಾದದ್ದು ವಾಸನೆ. ಚಿಕ್ಕಂದಿನಲ್ಲಿ ಬೂತಾಯಿ ಹೆಚ್ಚು ಬಿದ್ದ ದಿನ ನಮ್ಮ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಅದನ್ನೇ ಹಾಕುತ್ತಿದ್ದರು. ಮಾರನೇ ದಿನ ಸೈಕಲಿನ ಮೀನಿನವನು ಹಾರ್ನ್ ಊದಿಕೊಂಡು ಬಂದು ಡಬ್ಬಲ್ ರೇಟು ಹೇಳುತ್ತಿದ್ದ. ಅಮ್ಮ ಬೈಯುತ್ತಿದ್ದರು. ಅವನದ್ದೇನೂ ತಪ್ಪಿಲ್ಲ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

ಟವರುಗಳು ಹಂತ ಹಂತವಾಗಿ ಬಂದವು. ಕೋಝಿಕ್ಕೋಡಿಗೆ 1997ರಲ್ಲಿ, ಕಣ್ಣೂರಿಗೆ 1998ರಲ್ಲಿ, ಕಾಸರಗೋಡಿಗೆ 2000ದ ಮೇ ತಿಂಗಳಲ್ಲಿ. ಎಲ್ಲದರಲ್ಲೂ ನಾವು ಕಡೆಗೆ, ಅದು ಬಿಡಿ. ಸಂಶೋಧಕರಿಗೆ ಇದೇ ಅನುಕೂಲವಾಯಿತು. ಒಂದು ಜಿಲ್ಲೆಗೆ ಫೋನು ಬಂದಿದೆ, ಪಕ್ಕದ್ದಕ್ಕೆ ಬಂದಿಲ್ಲ, ಎರಡನ್ನೂ ಹೋಲಿಸಬಹುದು. ದಡದ ಟವರಿನ ಸಿಗ್ನಲ್ ಕಡಲೊಳಗೆ 20–25 ಕಿಲೋಮೀಟರ್ ತನಕ ಸಿಗುತ್ತಿತ್ತು, ಹೆಚ್ಚಿನ ದೋಣಿಗಳು ಅಷ್ಟರೊಳಗೇ ಮೀನು ಹಿಡಿಯುವುದು. ಫೋನು ಬಂದ ಕೆಲವೇ ವಾರಗಳಲ್ಲಿ ದಡದಿಂದ ದಡಕ್ಕೆ ಇದ್ದ ರೇಟಿನ ಅಂತರ ಕುಸಿದುಹೋಯಿತು. ಚೆಲ್ಲುವುದು ಹೆಚ್ಚುಕಡಿಮೆ ನಿಂತಿತು. ಮೀನುಗಾರರ ಲಾಭ ಸರಾಸರಿ 8 ಶೇಕಡ ಹೆಚ್ಚಿತು, ಕೊಳ್ಳುವವರಿಗೆ ರೇಟು 4 ಶೇಕಡ ಇಳಿಯಿತು. ಮಾರುವವನಿಗೂ ಲಾಭ, ತಿನ್ನುವವನಿಗೂ ಲಾಭ. ಇದು ಹೇಗೆ ಸಾಧ್ಯ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಮೊದಲು ಕಡಲಿಗೆ ಮರಳಿ ಬೀಳುತ್ತಿದ್ದ ಮೀನು ಈಗ ಯಾರದೋ ಅಡಿಗೆಮನೆಗೆ ಹೋಗುತ್ತಿತ್ತು. ಲಾಭ ಬಂದದ್ದು ಅಲ್ಲಿಂದ. ಅದೇ ಕಡಲು, ಅದೇ ದೋಣಿ, ಅದೇ ಬಲೆ. ಫೋನು ಕೊಳ್ಳದ ದೋಣಿಯವರಿಗೂ ಇದರಿಂದ ಸ್ವಲ್ಪ ಲಾಭವಾಯಿತು, ಯಾಕೆಂದರೆ ಫೋನಿದ್ದವರು ಬೇರೆ ದಡಕ್ಕೆ ಹೋದಾಗ ಊರ ದಡದಲ್ಲಿ ಮೀನಿನ ರಾಶಿ ಕಡಿಮೆಯಾಗಿ ರೇಟು ಬೀಳುತ್ತಿರಲಿಲ್ಲ.

ಆಗ ಫೋನು ಅಗ್ಗವಾಗಿತ್ತೇ? ಖಂಡಿತ ಇಲ್ಲ. ಆದರೂ ಹೆಚ್ಚಿದ ಲಾಭದಿಂದ ಎರಡೇ ತಿಂಗಳಲ್ಲಿ ಅದರ ಖರ್ಚು ಹುಟ್ಟುತ್ತಿತ್ತು. ದುಬಾರಿಯಾದರೂ ದೋಣಿಯ ಯಜಮಾನನಿಗೆ ಅದು ಕಟ್ಟಿಬರುವ ವಸ್ತು. ಮೀನಿನ ಬುಟ್ಟಿ ಹೊರುವ ಹೆಂಗಸಿಗೆ, ಸೈಕಲಿನವನಿಗೆ ಮಾತ್ರ ಕಟ್ಟಿಬರುತ್ತಿರಲಿಲ್ಲ. ದೋಣಿಯಿಂದ ಬುಟ್ಟಿಯ ತನಕ ಫೋನು ಇಳಿದು ಬಂದದ್ದು ಹೇಗೆ ಎಂಬುದೇ ಈ ಕತೆಯ ಮುಖ್ಯ ಭಾಗ.

ಸ್ವಲ್ಪ ಹಿಂದೆ ಹೋಗುತ್ತೇನೆ. ಬಡ ದೇಶಕ್ಕೆ ಬೇಕಾದ ಯಂತ್ರವನ್ನು ಬಡ ದೇಶದ ಹವೆಗೆ ತಕ್ಕಂತೆ ಮಾಡಬೇಕೆಂಬ ಯೋಚನೆ ನಮ್ಮಲ್ಲಿ ಮೊಬೈಲಿಗಿಂತ ಮೊದಲೇ ಇತ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಯಿತು. ಹೊರದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಎ.ಸಿ. ಕೋಣೆ ಬೇಕು, ಧೂಳು ಆಗುವುದಿಲ್ಲ. ಇವರು ಎ.ಸಿ. ಇಲ್ಲದೆ ನಡೆಯುವ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು ಮಾಡಿದರು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಆ ಬಳಿಕ ಊರೂರಿಗೆ ಬಂದ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತುಗಳು ನಿಮಗೆಲ್ಲ ನೆನಪಿರಬೇಕು. ಫೋನನ್ನು ಕೊಳ್ಳದೆಯೂ ಬಳಸಬಹುದು ಎಂಬುದನ್ನು ನಮ್ಮ ಜನಕ್ಕೆ ಕಲಿಸಿದ್ದು ಆ ಬೂತು.

ಮೊಬೈಲು ಬಂದದ್ದು 1995ರಲ್ಲಿ. ಮೊದಮೊದಲು ನಿಮಿಷಕ್ಕೆ 16 ರೂಪಾಯಿ ತನಕ ಇತ್ತು, ಬಂದ ಕರೆಗೂ ದುಡ್ಡು. ಕಂಪನಿಗಳು ಒಂದೊಂದು ಸರ್ಕಲಿಗೂ ಭಾರೀ ಮೊತ್ತದ ಲೈಸೆನ್ಸ್ ಶುಲ್ಕ ಒಪ್ಪಿಕೊಂಡಿದ್ದವು, ಅದನ್ನು ಗಿರಾಕಿಯ ಮೇಲೆ ಹಾಕಿದವು. 1999ರ ದೂರಸಂಪರ್ಕ ನೀತಿ ಇದನ್ನು ಬದಲಿಸಿತು. ಮುಂಗಡ ಶುಲ್ಕದ ಬದಲು ಬಂದ ಆದಾಯದಲ್ಲಿ ಸರಕಾರಕ್ಕೆ ಪಾಲು. ಗೇಣಿ ತೆಗೆದು ವಾರ ಕೊಟ್ಟ ಹಾಗೆ ಅನ್ನಿ: ಬೆಳೆ ಬಂದರೆ ಪಾಲು, ಬರದಿದ್ದರೆ ಇಲ್ಲ. ಆಗ ಕಂಪನಿಗೆ ಗಿರಾಕಿ ಹೆಚ್ಚಿಸಿಕೊಳ್ಳುವುದೇ ಲಾಭ. 2002ರಲ್ಲಿ ಬಿ.ಎಸ್.ಎನ್.ಎಲ್. ಮೊಬೈಲಿಗೆ ಇಳಿದದ್ದರಿಂದ ಪೈಪೋಟಿ ಬಿಸಿಯಾಯಿತು. 2003ರ ಮೇ 1ರಿಂದ ಬರುವ ಕರೆ ಪುಕ್ಕಟೆಯಾಯಿತು.

ಈ ಕೊನೆಯದ್ದನ್ನು ನಾವು ಸಣ್ಣದು ಅಂತ ನೋಡುತ್ತೇವೆ. ನನ್ನ ಪ್ರಕಾರ ಬಡವನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಇಳಿಕೆ. ಮೀನಿನ ಅಕ್ಕನಿಗೆ ಗಿರಾಕಿಗಳು ಕರೆ ಮಾಡುವುದು, ಅವಳು ಮಾಡುವುದಲ್ಲ. ಬರುವ ಕರೆ ಪುಕ್ಕಟೆಯಾದ ದಿನ ಅವಳಿಗೆ ಫೋನು ಇಟ್ಟುಕೊಳ್ಳುವ ಖರ್ಚು ಸೊನ್ನೆಯ ಹತ್ತಿರ ಬಂತು. ಮಿಸ್ಡ್ ಕಾಲ್ ಎಂಬ ವಿದ್ಯೆ ಹುಟ್ಟಿದ್ದೂ ಆಗಲೇ. ಒಂದು ಸಲ ಹೊಡೆದರೆ ‘ಬೂತಾಯಿ ಉಂಟು’, ಎರಡು ಸಲ ಹೊಡೆದರೆ ‘ಬಂಗುಡೆ’. ನಮ್ಮ ಮನೆಗೂ ಅವಳಿಗೂ ಇದ್ದ ಒಪ್ಪಂದ ಇದು, ಒಂದು ಪೈಸೆ ಖರ್ಚಿಲ್ಲ. ಇದರ ಜೊತೆಗೆ ಹತ್ತು ರೂಪಾಯಿಯ ರೀಚಾರ್ಜ್ ಬಂತು. ತಿಂಗಳ ಸಂಬಳದವರಿಗೆ ಹತ್ತೂ ಇನ್ನೂರೂ ಒಂದೇ ಲೆಕ್ಕ, ಒಟ್ಟು ಖರ್ಚು ಎಷ್ಟು ಅಂತ ನೋಡುತ್ತಾರೆ. ದಿನಗೂಲಿಯವರಿಗೆ ಹಾಗಲ್ಲ. ಇವತ್ತು ಕೈಯಲ್ಲಿ ಇರುವುದು ಎಷ್ಟೋ ಅಷ್ಟರೊಳಗೆ ವಸ್ತು ಸಿಗಬೇಕು. ಶಾಂಪೂ ಸ್ಯಾಚೆಟ್ ಹೇಗೋ ಹಾಗೆ. 2003ರಲ್ಲಿ ಬಂದ ನೋಕಿಯಾ 1100ರಲ್ಲಿ ಟಾರ್ಚ್ ಇತ್ತು ನೋಡಿ. ನಸುಕಿನಲ್ಲಿ ದಡಕ್ಕೆ ಇಳಿಯುವವರಿಗೆ ಒಂದು ಟಾರ್ಚಿನ ದುಡ್ಡೂ ಉಳಿಯಿತು.

ಬೆಳವಣಿಗೆ ಅಂದಾಗ ವಿಶ್ವಬ್ಯಾಂಕಿನ 2009ರ ವರದಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ: ಬೆಳೆಯುತ್ತಿರುವ ದೇಶಗಳಲ್ಲಿ ನೂರು ಜನಕ್ಕೆ ಹತ್ತು ಮೊಬೈಲು ಹೆಚ್ಚಾದರೆ ಆರ್ಥಿಕ ಬೆಳವಣಿಗೆಯ ದರ 0.8 ಶೇಕಡಾಂಶದಷ್ಟು ಏರುತ್ತದೆ ಅಂತ. ಈ ಬಗೆಯ ಲೆಕ್ಕ ನನಗೆ ಪೂರ್ತಿ ಹಿಡಿಸುವುದಿಲ್ಲ. ಫೋನಿನಿಂದ ಬೆಳವಣಿಗೆಯೋ, ಬೆಳೆದ ಕಾರಣ ಫೋನೋ, ಬಿಡಿಸಿ ಹೇಳುವುದು ಕಷ್ಟ. ವಡಗರದ 11 ಮಂದಿಯೂ 27 ಮಂದಿಯೂ ನನಗೆ ಅದಕ್ಕಿಂತ ನಂಬಿಕೆ ಹುಟ್ಟಿಸುತ್ತಾರೆ.

ಇನ್ನು ಗಡಿಯ ವಿಷಯ. ಜೆನ್ಸನ್ ಅವರ ಅಧ್ಯಯನ ಕೇರಳದ ಒಳಗಿನದು, ತಲಪಾಡಿಯಲ್ಲಿ ನಿಂತುಬಿಡುತ್ತದೆ. ನಮ್ಮ ಜೀವನ ಅಲ್ಲಿ ನಿಲ್ಲುವುದಿಲ್ಲ. ಮಂಜೇಶ್ವರದ ದೋಣಿಯವರಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಮಂಗಳೂರಿನ ದಕ್ಕೆ, 20 ಕಿಲೋಮೀಟರಿನ ಆಸುಪಾಸು. ಕೋಝಿಕ್ಕೋಡು ಅದರ ಹತ್ತು ಪಾಲು ದೂರ. ಆದರೆ ಟೆಲಿಕಾಂ ಸರ್ಕಲುಗಳನ್ನು ರಾಜ್ಯದ ಗಡಿ ನೋಡಿ ಎಳೆದಿದ್ದರು. ಕಾಸರಗೋಡು ಕೇರಳ ಸರ್ಕಲ್, ಮಂಗಳೂರು ಕರ್ನಾಟಕ ಸರ್ಕಲ್. ಅಂದರೆ ಕೋಝಿಕ್ಕೋಡಿನ ರೇಟು ಕೇಳುವುದು ಅಗ್ಗ, ದಕ್ಕೆಯ ರೇಟು ಕೇಳುವುದು ದುಬಾರಿ! 1956ರಲ್ಲಿ ಎಳೆದ ಗೆರೆ ನಾಲ್ಕು ದಶಕ ಕಳೆದ ಮೇಲೆ ಫೋನಿನ ಬಿಲ್ಲಿನಲ್ಲಿ ಬಂದು ಕೂತಿತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಮನೆ ಕುಂಜತ್ತೂರಿನ ಕಡೆ, ಗಡಿಗೆ ನಡೆದುಕೊಂಡು ಹೋಗುವಷ್ಟೇ ದೂರ. 2002ರಲ್ಲಿ ನಾನು ಮೊದಲ ಮೊಬೈಲು ತೆಗೆದುಕೊಂಡೆ, ಕೇರಳದ ಸಿಮ್ಮು. ಎರಡು ವಾರದೊಳಗೆ ಹಾಕಿದ ದುಡ್ಡೆಲ್ಲ ಖಾಲಿ. ನಾನು ಮಾತಾಡಿದ್ದೇ ಕಡಿಮೆ. ಕಂಪನಿಯ ಹೆಸರು ಬೇಡ, ಅವರ ಕಚೇರಿಗೆ ಹೋಗಿ ಕೇಳಿದರೆ ಹುಡುಗ ಕಂಪ್ಯೂಟರ್ ನೋಡಿ “ನೀವು ಕರ್ನಾಟಕದಲ್ಲಿ ರೋಮಿಂಗಿನಲ್ಲಿ ಇದ್ದಿರಲ್ಲ ಸಾರ್” ಅಂದ. ನಾನು ಮನೆ ಜಗಲಿಯಲ್ಲಿ ಇದ್ದೆ ಮಾರಾಯ್ರೇ! ಜಗಲಿಯಲ್ಲಿ ಕೂತರೆ ತಲಪಾಡಿ ಆಚೆಯ ಟವರು ಹಿಡಿಯುತ್ತಿತ್ತು, ಹಿತ್ತಿಲಿಗೆ ಹೋದರೆ ಕೇರಳದ್ದು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಫೋನು ಹೊಡೆದರೆ ಎಲ್ಲರೂ ಹಿತ್ತಿಲಿಗೆ ಓಡುವುದು ಅಭ್ಯಾಸವಾಯಿತು. ನೆರೆಮನೆಯ ದೋಣಿಯ ಅಣ್ಣ ಇದಕ್ಕೊಂದು ಉಪಾಯ ಮಾಡಿದ್ದರು, ಎರಡು ಫೋನು. “ಮಾಷ್ಟ್ರೇ, ಇದು ಕೇರಳಕ್ಕೆ, ಇದು ದಕ್ಕೆಗೆ” ಅಂತ ಎರಡೂ ಕಿಸೆ ಮುಟ್ಟಿ ತೋರಿಸುತ್ತಿದ್ದರು. ಕರ್ನಾಟಕದ ಸಿಮ್ಮು ತೆಗೆಯಲಿಕ್ಕೆ ಅಲ್ಲಿಯ ವಿಳಾಸದ ದಾಖಲೆ ಬೇಕು, ಅದಕ್ಕೆ ಉಳ್ಳಾಲದ ಸಂಬಂಧಿಕರ ಹೆಸರು. ಹಾಗೆ ಸಂಬಂಧಿಕರು ಇಲ್ಲದವರಿಗೆ ಆ ಉಪಾಯವೂ ಇಲ್ಲ.

ಹೊಸೂರಿನ ಮಿತ್ರರು ತಲೆ ಅಲ್ಲಾಡಿಸುತ್ತಿರುವುದು ಇಲ್ಲಿ ಪರದೆಯಲ್ಲಿ ಕಾಣ್ತಾ ಉಂಟು. ಅವರಿಗೆ ಬೆಂಗಳೂರು ಪಕ್ಕದ ಮನೆ, ಸರ್ಕಲ್ ತಮಿಳುನಾಡು. ತಾಳವಾಡಿಯವರಿಗೆ ಚಾಮರಾಜನಗರ, ಅಕ್ಕಲಕೋಟೆ ಜತ್ತದವರಿಗೆ ಕಲಬುರಗಿ ವಿಜಯಪುರ, ಆದವಾನಿಯವರಿಗೆ ಬಳ್ಳಾರಿ. ಮದುವೆ ಸಂಬಂಧ, ಸಂತೆ, ಆಸ್ಪತ್ರೆ ಎಲ್ಲ ಆಚೆ. ಸಿಮ್ಮು ಮಾತ್ರ ಈಚೆ. ದೇಶಕ್ಕೆಲ್ಲ ಅಗ್ಗವಾದ ವಸ್ತು ನಮಗೆ ಅಷ್ಟೇ ಅಗ್ಗವಾಗಲಿಲ್ಲ.

ಈ ಗೋಡೆ ಒಮ್ಮೆಗೇ ಬೀಳಲಿಲ್ಲ. 2006ರ ಮಾರ್ಚಿನಲ್ಲಿ ಬಿ.ಎಸ್.ಎನ್.ಎಲ್. ದೇಶದ ಎಲ್ಲಿಗೆ ಮಾಡಿದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ‘ಒನ್ ಇಂಡಿಯಾ’ ಪ್ಲಾನು ತಂದಿತು. ಡೆಲ್ಲಿಯವರಿಗೆ ಅದು ದೂರದ ಕರೆಯ ಇಳಿಕೆ, ನಮಗೆ ನೆರೆಮನೆಯ ಕರೆಯ ಇಳಿಕೆ. 2009ರಲ್ಲಿ ಸೆಕೆಂಡಿಗೆ ಒಂದು ಪೈಸೆಯ ಲೆಕ್ಕ ಬಂತು, ‘ರೇಟು ಎಷ್ಟು?’ ‘ಎಂಬತ್ತು’ ಎಂಬ ಮಾತಿಗೆ ಹತ್ತು ಸೆಕೆಂಡೂ ಬೇಡ, ಅದಕ್ಕೆ ಇಡೀ ನಿಮಿಷದ ದುಡ್ಡು ಕೊಡುವುದು ತಪ್ಪಿತು. ರೋಮಿಂಗ್ ಮಾತ್ರ ಹಠ ಮಾಡಿ ಕೂತಿತ್ತು. 2015ರ ಜೂನಿನಲ್ಲಿ ಬಿ.ಎಸ್.ಎನ್.ಎಲ್. ರೋಮಿಂಗಿನ ಒಳಬರುವ ಕರೆ ಪುಕ್ಕಟೆ ಮಾಡಿತು, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಉಳಿದವರೂ 2017ರ ಹೊತ್ತಿಗೆ ಬಿಟ್ಟರು. ನಾನು ಜಗಲಿಯಲ್ಲಿ ಕೂತು ಫೋನಿನಲ್ಲಿ ಮಾತಾಡಲಿಕ್ಕೆ ಸುರು ಮಾಡಿದ್ದು ಆಮೇಲೆ. ಡೇಟಾದ ಕತೆ ನಿಮಗೆ ಗೊತ್ತೇ ಉಂಟು. ಟ್ರಾಯ್ ಲೆಕ್ಕದಲ್ಲಿ 2014ರಲ್ಲಿ ಒಂದು ಜಿ.ಬಿ.ಗೆ ಸರಾಸರಿ 269 ರೂಪಾಯಿ ಇದ್ದದ್ದು 2018ರಲ್ಲಿ 12 ರೂಪಾಯಿಯ ಹತ್ತಿರಕ್ಕೆ ಇಳಿಯಿತು.

ಭಾಷೆಗೂ ಒಂದು ರೇಟು ಉಂಟು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಳೆ ತಲೆಗಳಿಗೆ ಕಂಪನಿಯ ಮೆಸೇಜು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬಂದರೆ ಇನ್ನೊಬ್ಬರಿಂದ ಓದಿಸಬೇಕು. ಯಾವ ಒತ್ತುಗುಂಡಿ ಒತ್ತಿ ಯಾವ ಹಾಡು ತಗಲಿಕೊಂಡಿತೋ, ದಿನಕ್ಕೆ ಎಷ್ಟು ಕಡಿಯಿತೋ ಗೊತ್ತಾಗುವುದಿಲ್ಲ. ಮೊದಮೊದಲ ಅಗ್ಗದ ಫೋನುಗಳಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣುತ್ತಿತ್ತು; ಅದರಲ್ಲೂ ಕೇರಳಕ್ಕೆ ಬರುವ ಫೋನಿನಲ್ಲಿ ಕನ್ನಡ ಯಾಕೆ ಹಾಕುತ್ತಾರೆ? ಇಲ್ಲಿ ಸಹಾಯಕ್ಕೆ ಬಂದದ್ದು ಒಂದು ಮಾನದಂಡ, ಹೋರಾಟವಲ್ಲ. ಭಾರತದಲ್ಲಿ ಮಾರುವ ಪ್ರತಿ ಫೋನಿನಲ್ಲೂ 22 ಭಾಷೆಗಳ ಅಕ್ಷರ ಓದಲು ಬರಬೇಕು ಎಂದು ಸರಕಾರ 2016ರಲ್ಲಿ ಐ.ಎಸ್. 16333 ಎಂಬ ಮಾನದಂಡವನ್ನು ಕಡ್ಡಾಯ ಮಾಡಿ ಆದೇಶಿಸಿತು. ಮಾರಾಟವಾಗುವ ರಾಜ್ಯ ಯಾವುದೆಂದು ಅದು ಕೇಳುವುದಿಲ್ಲ. ಕಾಞಂಗಾಡಿನಲ್ಲಿ ಕೊಂಡರೂ ಸೊಲ್ಲಾಪುರದಲ್ಲಿ ಕೊಂಡರೂ ಕನ್ನಡ ಕಾಣಬೇಕು. ಗಡಿನಾಡಿನವರಿಗೆ ಇಂಥ ನಿಯಮಗಳು ಎಷ್ಟು ಬೆಲೆಬಾಳುತ್ತವೆ ಎಂಬುದನ್ನು ನಾವು ಬೇಡಿಕೆಪಟ್ಟಿ ಬರೆಯುವಾಗ ಗಮನಿಸಬೇಕು. ರಾಜ್ಯಕ್ಕೊಂದು ಭಾಷೆ ಎಂದು ಮಾಡಿದ ಸೇವೆ ಯಾವಾಗಲೂ ನಮ್ಮನ್ನು ಬಿಟ್ಟು ಹೋಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗುವ ಜಾಗದ ಸೂಚನೆ ಕೊಡುತ್ತದೆ, ಕೇರಳದ ಕರೆಗೆ ಮಲಯಾಳದಲ್ಲಿ, ಕರ್ನಾಟಕದ ಕರೆಗೆ ಕನ್ನಡದಲ್ಲಿ. ಮಂಜೇಶ್ವರದ ಕನ್ನಡ ಓದುವವನು ಮಂಗಳೂರಿನ ಸೂಚನೆ ನೋಡಿ ಅಂದಾಜು ಮಾಡಬೇಕು.

ಫೋನನ್ನು ನಾನು ದೇವರು ಮಾಡಲಿಕ್ಕೆ ಹೊರಟಿಲ್ಲ. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಎಂಬ ಸಂಶೋಧಕಿಯರು ಕೆಲವು ವರ್ಷಗಳ ಬಳಿಕ ಕೇರಳದ ಮೀನುಗಾರರ ನಡುವೆ ಹೋಗಿ ನೋಡಿ, ರೇಟು ಕೇಳಿ ದಡ ಬದಲಿಸುವ ಚಿತ್ರ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದರು. ನಮ್ಮಲ್ಲೂ ಅದು ನಿಜ. ಬಲೆಗೆ ಎಂಜಿನಿಗೆ ದಲ್ಲಾಳಿಯಿಂದ ಸಾಲ ತಂದವನು ಆ ದಲ್ಲಾಳಿಯ ದಡಕ್ಕೇ ಮೀನು ತರಬೇಕು. ಅವನಿಗೆ ಹತ್ತು ಊರಿನ ರೇಟು ಗೊತ್ತಾದರೆ ಹೊಟ್ಟೆ ಉರಿಯುತ್ತದೆ ಅಷ್ಟೇ. ಮತ್ತೆ, ಮೀನೇ ಇಲ್ಲದಿದ್ದರೆ? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕಡಿಮೆಯಾಗಿತ್ತು.

ಚಾಟಿನಲ್ಲಿ ಒಂದು ಪ್ರಶ್ನೆ ಬಂದಿದೆ: “ಈಗ ಎಲ್ಲವೂ ಅಗ್ಗವಾಯಿತಲ್ಲ, ಇನ್ನು ಸಮಸ್ಯೆ ಏನು?” ಒಳ್ಳೆಯ ಪ್ರಶ್ನೆ. ಉತ್ತರ ಮೀನಿನ ಅಕ್ಕನ ಕೈಯಲ್ಲೇ ಉಂಟು. 2018ರ ಕೊನೆಗೆ ದೊಡ್ಡ ಕಂಪನಿಗಳು ತಿಂಗಳಿಗೆ ಕನಿಷ್ಠ 35 ರೂಪಾಯಿ ಹಾಕದಿದ್ದರೆ ಬರುವ ಕರೆಯನ್ನೂ ನಿಲ್ಲಿಸುತ್ತೇವೆ ಎಂಬ ಪದ್ಧತಿ ತಂದವು. ಆ ಕನಿಷ್ಠ ಮೊತ್ತ ಏರುತ್ತಾ ಹೋಯಿತು. ಜೊತೆಗೆ ಬರುವ ಡೇಟಾ ಅವಳ ಬಟನ್ ಫೋನಿಗೆ ಬೇಡ, ಆದರೆ ದುಡ್ಡು ಕೊಡಬೇಕು. 2024ರ ಡಿಸೆಂಬರಿನಲ್ಲಿ ಟ್ರಾಯ್, ಕರೆ ಮತ್ತು ಎಸ್.ಎಂ.ಎಸ್. ಮಾತ್ರ ಇರುವ ಪ್ಯಾಕು ಕೊಡಬೇಕು ಎಂದು ಹೇಳಿತು. ಕಂಪನಿಗಳು ಕೊಟ್ಟವು, 84 ದಿನದ್ದು, ಒಂದು ವರ್ಷದ್ದು. ದಿನಕ್ಕೆ ಭಾಗಿಸಿ ನೋಡಿದರೆ ಅಗ್ಗವೇ. ಒಮ್ಮೆಲೇ ನಾನೂರಕ್ಕಿಂತ ಹೆಚ್ಚು ಎಣಿಸಿ ಕೊಡಬೇಕು. ಹತ್ತರ ಟಾಪ್-ಅಪ್ ಈಗಲೂ ಉಂಟು, ಅದರಿಂದ ವ್ಯಾಲಿಡಿಟಿ ಸಿಗುವುದಿಲ್ಲ.

ನಮ್ಮ ಅಕ್ಕನಿಗೆ ಮಳೆಗಾಲದಲ್ಲಿ ವ್ಯಾಪಾರ ಕಡಿಮೆ. ಕರ್ನಾಟಕದಲ್ಲಿ ಜೂನ್ 1ರಿಂದ, ಕೇರಳದಲ್ಲಿ ಜೂನ್ 9ರಿಂದ ಜುಲೈ ಕೊನೆ ತನಕ ಟ್ರಾಲಿಂಗ್ ನಿಷೇಧ, ಸಣ್ಣ ದೋಣಿಯವರು ತಂದದ್ದರಲ್ಲೇ ಅವಳ ಸಂಸಾರ ನಡೆಯಬೇಕು. ಕಳೆದ ಜೂನಿನಲ್ಲಿ ನಾನು ಕರೆ ಮಾಡಿದರೆ ‘ಈ ನಂಬರಿಗೆ ಕರೆ ಸೌಲಭ್ಯ ಇಲ್ಲ’ ಅಂತ ಮಲಯಾಳದಲ್ಲಿ ಬಂತು. ಏನಾಯಿತೋ ಅಂತ ಗಾಬರಿಯಾಗಿ ಹೋಗಿ ನೋಡಿದರೆ ಅವಳು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. “ಫೋನು ಆಗಸ್ಟಿಗೆ ಎಬ್ಬಿಸುವುದು ಮಾಷ್ಟ್ರೇ, ಈಗ ಅದಕ್ಕೂ ರಜೆ” ಅಂದಳು. ಆ ಎರಡು ತಿಂಗಳು ಅವಳ ಗಿರಾಕಿಗಳು, ನಾವೂ ಸೇರಿ, ಮೀನು ಉಂಟೋ ಇಲ್ಲವೋ ಎಂದು ರಸ್ತೆ ಬದಿಗೆ ಬಂದು ನಿಂತು ನೋಡಿದೆವು.